ಸುಣ್ಣಕ್ಕೆ ಅಂಜಿದ ರಾಯರು

ಗುರುಚರಣ ರಾಯರನ್ನು ದೂರದಿಂದ ಗುರುತಿಸಲು ಮುಖ ಕಾಣಬೇಕಾಗಿರಲಿಲ್ಲ, ಕೈ ಕಂಡರೆ ಸಾಕಿತ್ತು. ಎರಡು ಕೈಗಳನ್ನೂ ಎದೆಯ ಮಟ್ಟಕ್ಕೆ ಎತ್ತಿ, ಬೆರಳುಗಳನ್ನು ತುಸು ಅಗಲಿಸಿ, ಯಾವುದಕ್ಕೂ ಯಾರಿಗೂ ತಾಗದಂತೆ ಕಾಪಾಡಿಕೊಂಡು, ಈಗಷ್ಟೇ ಮಡಿಯುಟ್ಟು ದೇವರ ಮನೆಯತ್ತ ಹೊರಟವರ ಹಾಗೆ ಅವರು ನಡೆಯುತ್ತಿದ್ದರು. ಸುಣ್ಣ ಬಳಿದ ಗೋಡೆ ಕಂಡರೆ ಒಂದು ಮಾರು ದೂರ ಸರಿಯುವರು. ತಾಂಬರಂನ ನಮ್ಮ ಬೀದಿಯಲ್ಲಿ ಮಾರ್ಗಳಿ ತಿಂಗಳು, ಅಂದರೆ ಧನುರ್ಮಾಸ, ಬಂತೆಂದರೆ ಹೆಂಗಸರು ಪೈಪೋಟಿಯ ಮೇಲೆ ಒಂದು ಬಾಗಿಲಿನ ರಂಗೋಲಿ ಇನ್ನೊಂದು ಬಾಗಿಲನ್ನು ಮುಟ್ಟುವಷ್ಟು ದೊಡ್ಡದಾಗಿ ಬರೆಯುತ್ತಿದ್ದರು, ಆಗ ರಾಯರು ತಮ್ಮ ಕಂದು ಚೀಲವನ್ನು ಎದೆಗವಚಿಕೊಂಡು, ತುದಿಗಾಲಿನಲ್ಲಿ, ಗೆರೆಗಳ ನಡುವಿನ ಬರಿನೆಲವನ್ನು ಹುಡುಕಿ ಹುಡುಕಿ ಹೆಜ್ಜೆಯಿಡುತ್ತ ಸ್ಟೇಷನ್ನಿಗೆ ಹೋಗುವುದನ್ನು ಕಂಡು, ಎದುರು ಮನೆಯ ತಮಿಳು ಮುದುಕಿ ಕೆನ್ನೆಗೆ ಕೈಯಿಟ್ಟು, “ಎನ್ನ ಭಕ್ತಿ ಪಾರು, ಎಂಥ ಭಕ್ತಿ ನೋಡು! ಕೋಲವನ್ನು ತುಳಿಯೋದೇ ಇಲ್ಲ ಮನುಷ್ಯ” ಎಂದು ಬೆರಗಾಗುತ್ತಿದ್ದಳು.

ಭಕ್ತಿಯೂ ಇಲ್ಲ, ಮಣ್ಣೂ ಇಲ್ಲ. ರಾಯರಿಗೆ ಇದ್ದದ್ದು ಸುಣ್ಣದ ಭಯ. ರಂಗೋಲಿ ಪುಡಿಯಲ್ಲಿ ಸುಣ್ಣ, ಗೋಡೆಯಲ್ಲಿ ಸುಣ್ಣ, ನನ್ನ ಎಲೆಯಡಿಕೆ ತಟ್ಟೆಯ ಮೂಲೆಯ ಡಬ್ಬಿಯಲ್ಲಿ ಸುಣ್ಣ. ಅದರ ಒಳಗಿನ ಸತ್ವಕ್ಕೆ ಅವರು ಕ್ಯಾಲ್ಸಿಯಂ ಎನ್ನುತ್ತಿದ್ದರು. ಅದರ ಒಂದು ಕಣ ಬೆರಳಿಗೆ ಅಂಟಿ ಪ್ರಯೋಗಶಾಲೆ ಸೇರಿದರೆ ಆರು ತಿಂಗಳ ಕೆಲಸ ಹೊಳೆಗೆ ಹೋಗುತ್ತದೆಂದು ಅವರ ಅಂಜಿಕೆ. ನುಂಗಂಬಾಕ್ಕಂನ ಆಚೆಗಿದ್ದ ಒಂದು ಸಂಶೋಧನಾಲಯದಲ್ಲಿ ಅವರು ಮೂವತ್ತು ವರ್ಷದಿಂದ ಮಾಡಿಕೊಂಡು ಬಂದದ್ದು ಒಂದೇ ಕೆಲಸ: ಜೀವಕೋಶವೆಂಬುದು ತನ್ನೊಳಗಿನ ಕ್ಯಾಲ್ಸಿಯಮ್ಮನ್ನು ಹೇಗೆ ಹದ್ದುಬಸ್ತಿನಲ್ಲಿಟ್ಟುಕೊಳ್ಳುತ್ತದೆ ಎಂದು ನೋಡುವುದು.

ಅವರು ನಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದದ್ದು ತೊಂಬತ್ತೇಳರಲ್ಲಿ. ನಮ್ಮವರು, ಪರಮೇಶ್ವರಪ್ಪನವರು, ಮೆಣಸಿನಕಾಯಿ ವ್ಯಾಪಾರಕ್ಕೆಂದು ರಾಣೇಬೆನ್ನೂರು ಕಡೆಯಿಂದ ಮದರಾಸಿಗೆ ಬಂದು ನೆಲೆನಿಂತವರು. ರಾಯರದು ಮೂರು ತಲೆಮಾರಿನಿಂದ ಇಲ್ಲಿಯೇ ಇದ್ದ ಮಾಧ್ವ ಮನೆತನ. “ಅವರ ಕನ್ನಡದಾಗ ತಮಿಳು ಕಲಸೈತಿ, ನಮ್ಮದರಾಗ ಖಾರ” ಎಂದು ನಮ್ಮವರು ನಗುತ್ತಿದ್ದರು. ಮಹಡಿಯ ಮೇಲೆ ಮೂರೇ ಜನ. ರಾಯರು, ಅವರ ಹೆಂಡತಿ ವೃಂದಾ, ಆಗಿನ್ನೂ ಶಾಲೆಗೆ ಹೋಗುತ್ತಿದ್ದ ಮಗಳು ಭಾವನಾ. ಮಗಳಿಗೆ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಬರುತ್ತಿತ್ತು.

ರಾಯರ ಬಾಯಲ್ಲಿ ಸದಾ ಒಂದು ಪ್ರಶ್ನೆ: “ಅಳೆದ್ರಾ?” ಇವತ್ತು ಬಿಸಿಲು ಜಾಸ್ತಿ ಎಂದರೆ, ಅಳೆದ್ರಾ? ಹಾಲಿನವನು ನೀರು ಬೆರೆಸಿದ್ದಾನೆ ಎಂದರೆ, ಅಳೆದ್ರಾ? ನಮ್ಮವರು ಒಮ್ಮೆ ರೇಗಿ, “ನಮ್ಮ ಮದುವಿ ಆಗಿ ನಲವತ್ತೊಂದು ವರ್ಷ ಆತು ರಾಯರ, ಪ್ರೀತಿ ಐತಿ ಅಂದ್ರ ಅದನ್ನೂ ಅಳೀಬೇಕೇನು?” ಎಂದಾಗ, ಅವರು ತಲೆ ಕೆರೆದುಕೊಂಡು ನಿಜವಾಗಿಯೂ ಯೋಚಿಸಿ, “ಅದಕ್ಕೆ ಇನ್ನೂ ಸರಿಯಾದ ವಿಧಾನ ಬಂದಿಲ್ಲ” ಎಂದಿದ್ದರು. ತಮಾಷೆಗಲ್ಲ. ತಮಾಷೆ ಮಾಡುವುದು ಅವರಿಗೆ ಬರುತ್ತಿರಲಿಲ್ಲ. ಅವರ ಮಾತಿಗೆ ನಾವು ನಕ್ಕರೆ ತಾವೂ ತಡವಾಗಿ ನಗುತ್ತಿದ್ದರು.

ಸಂಜೆ ಕರೆಂಟು ಹೋದಾಗ ಕೆಳಗಿಳಿದು ಬಂದು ನಮ್ಮ ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂರುವರು. ನಾನು ಎಲೆಯಡಿಕೆ ತಟ್ಟೆಯನ್ನು ದೂರ ಸರಿಸಿ ಸೊಪ್ಪು ಬಿಡಿಸುತ್ತ ಕೂತಿರುತ್ತಿದ್ದೆ. ನನಗೆ ಬಂದದ್ದು ನಾಲ್ಕನೆಯ ಇಯತ್ತೆಯ ಓದು. ಆದರೆ ಕೇಳುವುದಕ್ಕೆ ಶಾಲೆ ಬೇಡವಲ್ಲ. ರಾಯರಿಗೆ ಕೇಳುವವರೊಬ್ಬರು ಬೇಕಾಗಿತ್ತು.

“ನಮ್ಮ ಮೈ ಅಂದ್ರೆ ಕೋಟಿ ಕೋಟಿ ಕೋಶ, ಬಸವಣ್ಣೆಮ್ಮನವರೇ. ಒಂದೊಂದೂ ಕಣ್ಣಿಗೆ ಕಾಣದಷ್ಟು ಸಣ್ಣ ಮನೆ. ಹೊರಗಡೆ ಕ್ಯಾಲ್ಸಿಯಂ ಸಮುದ್ರದ ಹಾಗಿರತ್ತೆ. ಒಳಗಡೆ ಇರಬಹುದಾದ್ದು ಅದರ ಹತ್ತು ಸಾವಿರದಲ್ಲಿ ಒಂದು ಪಾಲು.”

“ಗ್ವಾಡಿ ಇರ್ತೈತಲ್ರೀ ಮತ್ತ?”

“ಇದೆ, ಆದ್ರೆ ಸೋರತ್ತೆ. ಸೋರಿ ಒಳಗೆ ಬಂದಿದ್ದನ್ನ ಎತ್ತಿ ಆಚೆ ಹಾಕ್ಲಿಕ್ಕೆ ಗೋಡೆ ತುಂಬಾ ಪಂಪುಗಳು. ನಮ್ಮ ಸಂಪಿನ ಮೋಟರ್ ಇದ್ಯಲ್ಲ, ಹಾಗೆ. ಅದು ನಿಲ್ಲೋ ಹಾಗೇ ಇಲ್ಲ. ನಿಂತ್ರೆ ಮನೆ ಮುಳುಗಿತು ಅಂತ ಲೆಕ್ಕ.”

“ಅಷ್ಟು ಕೆಟ್ಟದ್ದನ್ನ ಮತ್ಯಾಕ ಬಾಗಿಲ ಮುಂದ ಇಟಗೋಬೇಕ್ರೀ?”

ಈ ಪ್ರಶ್ನೆಗೆ ಅವರು ಕುರ್ಚಿಯ ತುದಿಗೆ ಸರಿದು, ಕತ್ತಲೆಯಲ್ಲೂ ಹೊಳೆಯುವ ಕಣ್ಣುಗಳಿಂದ ನನ್ನನ್ನು ನೋಡಿದರು. “ಕೆಟ್ಟದ್ದಲ್ಲ! ಅದೇ ಸುದ್ದಿ ತರೋದು. ಮನೆ ನಿಶ್ಶಬ್ದವಾಗಿದ್ರೆ ತಾನೇ ಬಾಗಿಲು ಬಡಿದದ್ದು ಕೇಳ್ಸೋದು? ಒಳಗೊಂದು ಕೋಣೇಲಿ ಚೂರು ಕೂಡಿಟ್ಟಿರತ್ತೆ. ಕೆಲಸ ಬಂತು ಅಂದಾಗ ಬಾಗಿಲು ತೆಗೆದು ಒಂದು ಚಿಟಿಕೆ ಬಿಡತ್ತೆ. ಆ ಚಿಟಿಕೆಗೆ ಇಡೀ ಕೋಶ ಎಚ್ಚರ ಆಗಿ ಮುದುಡತ್ತೆ. ಮುದುಡಿದ ಕೂಡ್ಲೆ ಪಂಪುಗಳು ಅದನ್ನ ಮತ್ತೆ ಒಳಕೋಣೆಗೆ ಸೇದಿಕೊಳ್ತವೆ. ಕೋಶ ಸಡಿಲ ಆಗತ್ತೆ. ಎದೆ ಒಂದು ಸಲ ಬಡೀತು ಅಂದ್ರೆ ಇಷ್ಟೇ ಆದದ್ದು.”

ಅವತ್ತು ರಾತ್ರಿ ಮಲಗುವ ಮುನ್ನ ಎದೆಯ ಮೇಲೆ ಕೈಯಿಟ್ಟುಕೊಂಡು, ಒಳಗೆ ಯಾರೋ ಬಾಗಿಲು ತೆಗೆದು ಮುಚ್ಚುತ್ತಿರುವುದನ್ನು ನಾನು ಬಹಳ ಹೊತ್ತು ಕೇಳಿದೆ.

ಈ ಕೆಲಸಕ್ಕೆ ಅವರಿಗೆ ಆಡಿನ ಹೃದಯ ಬೇಕಾಗುತ್ತಿತ್ತು. ಈರುಳ್ಳಿಯನ್ನೂ ಮುಟ್ಟದ ಮನೆತನದ ಮನುಷ್ಯ, ಮುಂಜಾನೆ ಕಸಾಯಿಖಾನೆಯ ಬಾಗಿಲಲ್ಲಿ ನಿಂತು, ಇನ್ನೂ ಬೆಚ್ಚಗಿರುವ ಆ ಮಾಂಸದ ಮುದ್ದೆಯನ್ನು ಬರ್ಫ ತುಂಬಿದ ಫ್ಲಾಸ್ಕಿನಲ್ಲಿ ಇಳಿಸಿಕೊಂಡು, ಎಲೆಕ್ಟ್ರಿಕ್ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದರು. ಒಮ್ಮೆ ದಾರಿಯಲ್ಲಿ ಹತ್ತಿದ ಪರಿಚಯದ ಆಚಾರ್ಯರೊಬ್ಬರು, “ಏನು ರಾಯರೇ, ಫ್ಲಾಸ್ಕಲ್ಲಿ ಕಾಫಿಯೋ?” ಎಂದು ಪಕ್ಕ ಕೂತರಂತೆ. “ಅಲ್ಲ, ಆಡಿನ ಹೃದಯ” ಎಂದರಂತೆ ಇವರು. ಆಚಾರ್ಯರು ಮುಂದಿನ ನಿಲ್ದಾಣದಲ್ಲೇ ಇಳಿದು ಬೇರೆ ಡಬ್ಬಿ ಹತ್ತಿದರು. ಸುದ್ದಿ ಸಂಜೆಯೊಳಗೆ ವೃಂದಾಳ ಕಿವಿಗೆ ಬಿತ್ತು.

ವೃಂದಾ ಎಂದರೆ ನೀರು. ಹೊರಗಿನಿಂದ ಬಂದ ಯಾವ ವಸ್ತುವೂ ನೀರು ಕಾಣದೆ ಅವಳ ಹೊಸಿಲು ದಾಟುವಂತಿರಲಿಲ್ಲ. ಹಾಲಿನ ಪೊಟ್ಟಣ, ತರಕಾರಿ, ಬೀಗದ ಕೈ, ಚಿಲ್ಲರೆ ನಾಣ್ಯ, ರಾಯರ ಕನ್ನಡಕ, ಎಲ್ಲಕ್ಕೂ ಸ್ನಾನ. ನಾನು ಹಬ್ಬಕ್ಕೆಂದು ಕೊಟ್ಟ ಬೆಲ್ಲದ ಅಚ್ಚಿಗೂ ನೀರು ಚಿಮುಕಿಸುತ್ತಿದ್ದಳು, ಆದರೆ ಎಂಥ ಮುಗುಳುನಗೆಯೊಂದಿಗೆ ಎಂದರೆ ನನಗೆ ಬೇಸರಪಟ್ಟುಕೊಳ್ಳಲು ಸಂದು ಸಿಗುತ್ತಿರಲಿಲ್ಲ. ಕಸಾಯಿಖಾನೆಯ ಸುದ್ದಿ ತಿಳಿದ ಮೇಲಂತೂ ರಾಯರ ಚೀಲದಿಂದ ಹೊರಬಂದ ಪ್ರತಿಯೊಂದೂ ಮೊದಲು ಬಚ್ಚಲಿಗೆ, ಆಮೇಲೆ ಮನೆಗೆ.

“ಒಂದು ದಿನ ನನ್ನನ್ನೂ ತೊಳೆದು ಕವುಚಿ ಹಾಕ್ತಾಳೆ” ಎಂದು ರಾಯರು ಮೆಟ್ಟಿಲ ಮೇಲಿಂದ ದೂರುತ್ತಿದ್ದರು.

“ಹಾಕ್ಬೇಕಾದ್ದೇ. ಆಡಿನ ಎದೆ ಹಿಡಿದ ಕೈ ಅಲ್ವಾ ಅದು? ನನ್ನ ಪುಣ್ಯ, ಇಡೀ ಆಡನ್ನೇ ಹಿಡ್ಕೊಂಡು ಬಂದಿಲ್ಲ.”

“ಅಲ್ಲಿ ಹತ್ತು ಸಲ ಕೈ ತೊಳೀತೀನಿ ನಾನು.”

“ಹನ್ನೊಂದನೇ ಸಲ ಇಲ್ಲಿ ತೊಳೀರಿ. ಹೋಗ್ರೀ, ಬಕೆಟ್ಟು ಅಲ್ಲೇ ಇದೆ.”

ಹೀಗೆ ಒಂದೇ ಸೂರಿನ ಕೆಳಗೆ ಎರಡು ಮಡಿಗಳಿದ್ದವು. ಒಂದು ಸುಣ್ಣದ ಕಣಕ್ಕೆ ಹೆದರುವ ಮಡಿ, ಇನ್ನೊಂದು ಮೈಲಿಗೆಗೆ ಹೆದರುವ ಮಡಿ. ಇವರದನ್ನು ಕಂಡು ಅವಳಿಗೆ ನಗು, ಅವಳದನ್ನು ಕಂಡು ಇವರಿಗೆ ನಗು. ಆದರೆ ನನಗೆ ಅಷ್ಟು ವಿಸ್ತಾರವಾಗಿ ಕೋಶದ ಕಥೆ ಹೇಳುತ್ತಿದ್ದ ರಾಯರು ಹೆಂಡತಿಗೆ ಅದರಲ್ಲಿ ಒಂದಕ್ಷರವನ್ನೂ ಹೇಳಿದವರಲ್ಲ. “ಅವಳಿಗೆ ಪುರುಸೊತ್ತೆಲ್ಲಿ?” ಎಂಬುದು ಅವರ ಸಮಜಾಯಿಷಿ. “ಅವರು ಹೇಳಲ್ಲ, ನಾನು ಕೇಳಲ್ಲ, ಸಂಸಾರ ನಡೀತಾ ಇದೆ” ಎಂಬುದು ಅವಳದು. ಎಷ್ಟೋ ಮನೆಗಳಲ್ಲಿ ಹೀಗೆಯೇ ನಡೆಯುತ್ತದೆ, ಮತ್ತು ಎಷ್ಟೋ ಮನೆಗಳಲ್ಲಿ ಅದರಿಂದ ಏನೂ ಕೆಡುವುದಿಲ್ಲ.

ಎರಡು ಸಾವಿರದ ಮೂರನೆಯ ಇಸವಿಯ ಆರಂಭದಲ್ಲಿ ವೃಂದಾಳ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಥೈರಾಯ್ಡ್ ತೆಗೆಯಬೇಕೆಂದರು, ತೆಗೆದರು. ಗಡ್ಡೆ ಕೆಟ್ಟದ್ದಲ್ಲವೆಂದು ತಿಳಿದಾಗ ನಾನು ಮನೆಯಲ್ಲಿ ಹೋಳಿಗೆ ಮಾಡಿದೆ. ಆದರೆ ಆ ಗ್ರಂಥಿಯ ಬೆನ್ನಿಗೆ ತೊಗರಿಬೇಳೆಯಷ್ಟು ಗಾತ್ರದ ಬೇರೆ ನಾಲ್ಕು ಗ್ರಂಥಿಗಳು ಅಂಟಿಕೊಂಡಿರುತ್ತವೆಯಂತೆ. ಎಷ್ಟು ಜಾಗರೂಕತೆಯಿಂದ ಕೊಯ್ದರೂ ಕೆಲವರಲ್ಲಿ ಅವು ಉಳಿಯುವುದಿಲ್ಲವಂತೆ. ವೃಂದಾಳಲ್ಲಿ ಉಳಿಯಲಿಲ್ಲ.

“ಊರ ಕಾವಲುಗಾರರು ಹೋದ ಹಾಗಾಯ್ತು” ಎಂದರು ರಾಯರು. ಆ ನಾಲ್ಕು ಬೇಳೆಕಾಳುಗಳು ರಕ್ತದ ಕ್ಯಾಲ್ಸಿಯಮ್ಮನ್ನು ಸದಾ ನೋಡುತ್ತಿರುತ್ತವೆ. ಅದು ಚೂರು ಇಳಿಯಿತೆಂದರೆ ಎಲುಬಿಗೆ ಹೇಳಿಕಳಿಸುತ್ತವೆ, ನಿನ್ನಲ್ಲಿರುವುದನ್ನು ಸ್ವಲ್ಪ ಬಿಡು ಎಂದು. ಮೂತ್ರಪಿಂಡಕ್ಕೆ ಹೇಳಿಕಳಿಸುತ್ತವೆ, ಹೊರಗೆ ಚೆಲ್ಲಬೇಡ ಎಂದು. ಈಗ ಹೇಳುವವರಿಲ್ಲ. ಆ ಕೆಲಸವನ್ನು ಗುಳಿಗೆಗಳು ಮಾಡಬೇಕು. ಗುಳಿಗೆ ಹೆಚ್ಚಾದರೆ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ, ಎದೆಯ ಲಯ ತಪ್ಪುತ್ತದೆ. ಕಡಿಮೆಯಾದರೆ ನರಗಳು ಹುಚ್ಚೆದ್ದು ಸ್ನಾಯುಗಳು ಸೆಟೆಯುತ್ತವೆ. ಅದಕ್ಕೇ ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಅದನ್ನು ನೋಡಿಕೊಂಡು ಗುಳಿಗೆ ಹೆಚ್ಚು ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದರು.

ರಾಯರು ಬೀದಿ ಮೂಲೆಯ ಪರೀಕ್ಷಾ ಕೇಂದ್ರಕ್ಕೆ ಹೋಗಿ, ರಕ್ತ ಕೊಡುವ ಕಡೆ ಹೋಗದೆ ಹಿಂದಿನ ತೊಟ್ಟಿಯ ಬಳಿ ನಿಂತು ನೋಡಿ, ಮನೆಗೆ ಬಂದಾಗ ಅವರ ಮುಖ ಬಿಳಿಚಿಕೊಂಡಿತ್ತು. “ನಲ್ಲಿ ನೀರಲ್ಲಿ ಟ್ಯೂಬ್ ತೊಳೀತಾರೆ! ನಲ್ಲಿ ನೀರಲ್ಲಿ! ಆ ಅಂಕಿ ನಂಬಿಕೊಂಡ್ರೆ ವೃಂದಾ ಗತಿ ಏನು?” ಎಂದರು. ಅಂದಿನಿಂದ ಹೆಂಡತಿಯ ರಕ್ತವನ್ನು ತಾವೇ ಪರೀಕ್ಷಿಸುವುದೆಂದು ನಿಶ್ಚಯಿಸಿದರು. ಅದರಲ್ಲಿ ಜಂಬವಿರಲಿಲ್ಲ. ಕ್ಯಾಲ್ಸಿಯಂ ಅಳೆಯುವುದರಲ್ಲಿ ಅವರಷ್ಟು ನುರಿತ ಕೈ ಆ ಊರಿನಲ್ಲಿ ಇನ್ನೊಂದಿತ್ತೋ ಇಲ್ಲವೋ.

ಪ್ರತಿ ಗುರುವಾರ ಸಂಜೆ, ಆಮ್ಲದಲ್ಲಿ ಅದ್ದಿ ಶುದ್ಧ ಮಾಡಿದ ಪುಟ್ಟ ಪ್ಲಾಸ್ಟಿಕ್ ಟ್ಯೂಬುಗಳನ್ನು ಕವರಿನಲ್ಲಿಟ್ಟು ತಂದು ಅವರು ಕಪಾಟಿನ ಮೇಲಿಡುವರು. ಶುಕ್ರವಾರ ಬೆಳಿಗ್ಗೆ ಅವರು ಸ್ನಾನದಲ್ಲಿರುವಾಗ ಪಕ್ಕದ ಬೀದಿಯ ನರ್ಸು ಕಲಾವತಿ ಬಂದು ರಕ್ತ ತೆಗೆದು ಟ್ಯೂಬಿಗೆ ಹಾಕಿ ಮುಚ್ಚಿಡುವಳು. ರಾಯರು ಅದನ್ನು ಫ್ಲಾಸ್ಕಿನಲ್ಲಿಟ್ಟುಕೊಂಡು ರೈಲು ಹತ್ತುವರು. “ಅರ್ಧ ಚಮಚಕ್ಕಿಂತ ಕಡಿಮೆ ಸಾಕು ಕಲಾವತಿ, ಜಾಸ್ತಿ ಎಳೀಬೇಡ. ಮೊದಲೇ ಸೊರಗಿದ್ದಾಳೆ” ಎಂದು ಪ್ರತಿ ಸಲವೂ ಬಚ್ಚಲಿನಿಂದಲೇ ಕೂಗಿ ಹೇಳುವರು. ಸಂಜೆ ಬರುವಾಗ ಜಗಲಿಯಲ್ಲೇ ನನಗೆ ಕೇಳಿಸುವಂತೆ, “ಒಂಬತ್ತು! ಪರವಾಯಿಲ್ಲೆ!” ಎನ್ನುವರು. ಒಂಬತ್ತೆಂದರೆ ಆರೋಗ್ಯವಂತರ ಅಂಕಿ. ಎರಡು ವಾರ ಒಂಬತ್ತರ ಮೇಲೆಯೇ ಬಂದಾಗ ಗುಳಿಗೆಗಳನ್ನು ಕಡಿಮೆ ಮಾಡಿದರು. ಮತ್ತೂ ಒಂಬತ್ತೇ ಬಂದಾಗ ಇನ್ನಷ್ಟು ಕಡಿಮೆ ಮಾಡಿದರು.

ಆ ಬೇಸಿಗೆ ಮದರಾಸಿನಲ್ಲಿ ಬದುಕಿದವರಿಗೆ ನೀರಿನ ಮಾತು ಹೇಳಬೇಕಾಗಿಲ್ಲ. ಕೆರೆಗಳು ಒಣಗಿ, ಕೊಳಾಯಿ ಸತ್ತು, ಲಾರಿ ಬಂದಾಗ ಪ್ಲಾಸ್ಟಿಕ್ ಕೊಡಗಳ ಸಾಲು ಬೀದಿಯ ಕೊನೆ ಮುಟ್ಟುತ್ತಿತ್ತು. ಲಾರಿಯ ನೀರು ಕುಡಿಯಲು, ಅಡಿಗೆಗೆ ಮಾತ್ರ. ಮಿಕ್ಕದ್ದಕ್ಕೆಲ್ಲ ಪಾತಾಳಕ್ಕಿಳಿದ ಬೋರ್‌ವೆಲ್ಲಿನ ಗಡಸು ನೀರು. ಅದು ಒಣಗಿದಲ್ಲೆಲ್ಲ ಬಿಳಿಯ ಪದರ ಬಿಡುತ್ತಿತ್ತು. ಬಕೆಟ್ಟಿನ ಅಂಚು, ನಲ್ಲಿಯ ಮೂತಿ, ಸ್ಟೀಲಿನ ಲೋಟ, ಎಲ್ಲವೂ ಬೂದಿ ಬಳಿದಂತೆ.

ಮೇ ತಿಂಗಳಲ್ಲಿ ವೃಂದಾ ಕೆಳಗೆ ಬಂದು ನನ್ನ ಪಕ್ಕ ಕೂತು, “ಬಾಯಿ ಸುತ್ತ ಇರುವೆ ಹರಿದ ಹಾಗಾಗತ್ತೆ ಅಮ್ಮಾ. ಬೆರಳ ತುದೀಲೂ ಹಾಗೇ” ಎಂದಳು. ನಾನು ಅಂದೇ ರಾಯರಿಗೆ ಹೇಳಿದೆ. ಭಾವನಾ ಕೂಡ ಆಸ್ಪತ್ರೆಗೆ ತೋರಿಸೋಣವೆಂದು ತಮಿಳಿನಲ್ಲಿ ಗೋಗರೆದಳು, “ಪ್ಲೀಸ್ ಪಾ, ಒರು ತಡವೆ ಪಾ” ಎಂದು, ಒಂದೇ ಒಂದು ಸಲ ಎಂದು. ರಾಯರು ಚೀಟಿ ತೆಗೆದು ತೋರಿಸಿ, ಶಾಂತವಾಗಿ, “ಅಳೆದಿದ್ದೀನಿ ಮಗು. ಒಂಬತ್ತಿದೆ. ಆಪರೇಷನ್ ಆದವರಿಗೆ ಭಯಕ್ಕೆ ಹಾಗನ್ಸತ್ತೆ” ಎಂದರು. ವೃಂದಾ ಕೂಡ ತಲೆಯಾಡಿಸಿದಳು. ಅವರು ಹೇಳಿದ ಮೇಲೆ ಇರುವೆ ಹರಿಯುವುದು ನಿಂತಿತು ಎಂದೂ ಹೇಳಿದಳು. ಅದು ನಿಂತಿರಲಿಲ್ಲ, ಹೇಳುವುದನ್ನು ಅವಳು ನಿಲ್ಲಿಸಿದ್ದಳು.

ಜೂನ್ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ಮೇಲೆ ಪಾತ್ರೆ ಬಿದ್ದ ಸದ್ದಾಯಿತು. ನಾನು ಹತ್ತಿ ಹೋಗುವಷ್ಟರಲ್ಲಿ ವೃಂದಾ ಅಡಿಗೆಮನೆಯ ಗೋಡೆಗೊರಗಿ ಕೂತಿದ್ದಳು. ಎರಡು ಕೈಗಳೂ ಮಣಿಕಟ್ಟಿನಲ್ಲಿ ಬಾಗಿ, ಬೆರಳುಗಳೆಲ್ಲ ತುದಿಯಲ್ಲಿ ಒಟ್ಟುಗೂಡಿ, ರಂಗೋಲಿ ಪುಡಿ ಚಿಟಿಕೆ ಹಿಡಿದ ಭಂಗಿಯಲ್ಲಿ ಸೆಟೆದು ನಿಂತಿದ್ದವು. ಬಿಡಿಸಲು ನೋಡಿದೆ. ಬಿಡಲಿಲ್ಲ. “ನೋವು ಅಮ್ಮಾ” ಎಂದಳು, ತಪ್ಪು ಮಾಡಿದವಳ ಹಾಗೆ. ನಮ್ಮವರು ಆಟೋ ತಂದರು. ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದೆವು. ಅವರು ರಕ್ತ ತೆಗೆದುಕೊಂಡು ಪರೀಕ್ಷೆಗೆ ಕಳಿಸಿದರು. ರಾಯರ ಆಫೀಸಿಗೆ ಫೋನು ಹೋಯಿತು.

ರಾಯರು ಬಂದಾಗ ಅವರ ಕೈಯಲ್ಲಿ ಅವತ್ತಿನ ಚೀಟಿ ಇತ್ತು. ಒಂಬತ್ತು. ಅಲ್ಲಿನ ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನ ತಮಿಳು ಹುಡುಗಿ. ರಾಯರನ್ನು ಕಂಡೊಡನೆ ಎದ್ದು ನಿಂತಳು. ಅವಳು ಓದುತ್ತಿದ್ದ ಕಾಲೇಜಿಗೆ ಇವರು ಬಂದು ಕ್ಯಾಲ್ಸಿಯಂ ಮೇಲೆಯೇ ಉಪನ್ಯಾಸ ಕೊಟ್ಟಿದ್ದರಂತೆ.

“ಸಾರ್, ನಮ್ಮ ಲ್ಯಾಬಲ್ಲಿ ಆರು ಬಂದಿದೆ. ತುಂಬ ಕಡಿಮೆ ಸಾರ್. ಕ್ಯಾಲ್ಸಿಯಂ ಏರ್ಸಿ ಬಿಡಲಾ?”

“ಆರು ಹೇಗೆ ಬರತ್ತಮ್ಮಾ? ಬೆಳಿಗ್ಗೆ ತೆಗೆದ ರಕ್ತ ಒಂಬತ್ತಿದೆ. ನಿಮ್ಮವರು ಯಾವ ಟ್ಯೂಬಿಗೆ ಹಾಕಿದ್ರು? ರಕ್ತ ಹೆಪ್ಪುಗಟ್ಟದ ಹಾಗೆ ಮದ್ದು ಹಾಕಿದ ಟ್ಯೂಬಿಗೆ ಹಾಕಿದ್ರೆ ಆ ಮದ್ದೇ ಕ್ಯಾಲ್ಸಿಯಂ ನುಂಗ್ಬಿಡತ್ತೆ. ಅದಕ್ಕೇ ಆರು.”

“ಕೈ ನೋಡಿ ಸಾರ್.”

“ಗಾಬರಿಗೆ ಜೋರಾಗಿ ಉಸಿರಾಡಿದ್ರೂ ಕೈ ಹೀಗೇ ಸೆಟೆಯತ್ತೆ. ಒಂಬತ್ತಿರೋವಳಿಗೆ ನೀವು ಇನ್ನಷ್ಟು ಏರಿಸಿದ್ರೆ ಎದೆ ನಿಂತುಹೋಗತ್ತೆ. ಬೇಡ. ಇನ್ನೊಂದು ಸಲ ಅಳೀರಿ.”

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಮೂವತ್ತು ವರ್ಷದಲ್ಲಿ ಕಲಿತ ವಿದ್ಯೆಯೆಲ್ಲ ಒಂದೊಂದಾಗಿ ಎದ್ದು ಬಂದು ಆ ಒಂದು ತಪ್ಪಿಗೆ ಊರುಗೋಲಾಗಿ ನಿಂತಿತು. ಡಾಕ್ಟರು ಹುಡುಗಿ ತುಟಿ ಕಚ್ಚಿಕೊಂಡು ಮತ್ತೆ ರಕ್ತ ತೆಗೆಸಿದಳು. ಅದು ಹೋಗಿ ಬರುವವರೆಗೆ ನಾವೆಲ್ಲ ಗಡಿಯಾರ ನೋಡುತ್ತ ಕೂತೆವು. ಮತ್ತೆ ಆರೇ ಬಂತು. ರಾಯರು ಚೀಟಿಯನ್ನು ಬೆಳಕಿಗೆ ಹಿಡಿದು, ಟ್ಯೂಬನ್ನು ತರಿಸಿ ನೋಡಿ, ಯಾರು ತೊಳೆದದ್ದು, ಯಾವುದರಲ್ಲಿ ತೊಳೆದದ್ದು ಎಂದು ವಿಚಾರಣೆ ಶುರುಮಾಡಿದರು. ಹುಡುಗಿಯ ದನಿ ಅಳುವಿಗೆ ಬಂದಿತ್ತು. “ಸಾರ್, ಒಂದು ವೇಳೆ ನಿಮ್ಮ ಟ್ಯೂಬಲ್ಲೇ ಏನಾದ್ರೂ…”

ಮಂಚದಿಂದ ವೃಂದಾ ಮಾತಾಡಿದಳು. ನಾಲಿಗೆ ತೊದಲುತ್ತಿತ್ತು, ಆದರೆ ಗಂಡನ ಮೇಲೆ ಬಂದ ಮಾತನ್ನು ಕೇಳಿ ಸುಮ್ಮನಿರಲಾರದೆ ಹೋದಳು.

“ಅವರ ಟ್ಯೂಬಲ್ಲಿ ಕೊಳೆ ಇರಲ್ಲಮ್ಮಾ. ಪ್ರತಿ ಸಲ ನಾನೇ ಚೆನ್ನಾಗಿ ತೊಳೆದು, ಕವುಚಿ ಒಣಗ್ಸಿ, ಆಮೇಲೇ ಕಲಾವತಿ ಕೈಗೆ ಕೊಡ್ತೀನಿ.”

ರಾಯರು ಹಿಂತಿರುಗಿದರು. “ಯಾವ ನೀರಲ್ಲಿ?” ಎಂದರು. ಆ ದನಿಯನ್ನು ನಾನು ಅವರಲ್ಲಿ ಹಿಂದೆಂದೂ ಕೇಳಿರಲಿಲ್ಲ.

“ಬೋರ್ ನೀರಲ್ಲೇ ರೀ. ಲಾರಿ ನೀರು ಕುಡಿಯಕ್ಕೇ ಸಾಲ್ದು. ಆಡಿನ ಜೊತೆ ಇದ್ದು ಬಂದದ್ದಲ್ವಾ, ಹಾಗೇ ಹೇಗೆ…”

ರಾಯರ ಮುಖದಲ್ಲಿ ಇದ್ದದ್ದು ಕೋಪವಲ್ಲ. ದೊಡ್ಡ ಲೆಕ್ಕವೊಂದನ್ನು ತಟ್ಟನೆ ಬಿಡಿಸಿದವರ ಬೆಳಕು ಒಂದು ಕ್ಷಣ ಬಂದು, ಬಂದಲ್ಲಿಯೇ ಬೂದಿಯಾಯಿತು. ಒಣಗಿದ ಹನಿಯ ಬಿಳಿ ಪದರ. ಅದರ ಮೇಲೆ ಇಷ್ಟೇ ಇಷ್ಟು ರಕ್ತ, ಅವಳು ಸೊರಗಿದ್ದಾಳೆಂದು ಕರುಣೆಯಿಂದ ಕಡಿಮೆ ಮಾಡಿಸಿದ ರಕ್ತ. ರಕ್ತ ಕಡಿಮೆಯಾದಷ್ಟೂ ಸುಣ್ಣದ ಸುಳ್ಳು ದೊಡ್ಡದಾಗಿತ್ತು. ಅವರು ಡಾಕ್ಟರಿಗೆ ತಮಿಳಿನಲ್ಲಿ, “ಪೋಡುಂಗಮ್ಮಾ. ಸೀಗ್ರಂ” ಎಂದರು. ಹಾಕಿ, ಬೇಗ ಎಂದು.

ಮದ್ದನ್ನು ನಿಧಾನವಾಗಿಯೇ ಏರಿಸಬೇಕಂತೆ. ಸೂಜಿ ಚುಚ್ಚಿ ಏರಿಸತೊಡಗಿದಾಗಲೇ ವೃಂದಾಳ ಮೈಯೆಲ್ಲ ಬಿಲ್ಲಿನ ಹಾಗೆ ಬಾಗಿತು. ಗಂಟಲು ಬಿಗಿದುಕೊಂಡು ಉಸಿರು ಕೋಳಿ ಕೂಗಿದಂತೆ ಸದ್ದುಮಾಡಿ, ನಿಂತಿತು. ಎಲ್ಲರೂ ಓಡಿ ಬಂದರು, ಎದೆ ಒತ್ತಿದರು, ನಳಿಗೆ ಹಾಕಿದರು. ನನ್ನನ್ನು ಹೊರಗೆ ಕಳಿಸಿದರು. ಬಾಗಿಲಿನ ಸಂದಿಯಿಂದ ರಾಯರು ಮಾತ್ರ ಕಾಣುತ್ತಿದ್ದರು. ಕೆಲಸ ಮಾಡುವವರ ದಾರಿಗೆ ಅಡ್ಡವಾಗದಂತೆ ಮೂಲೆಗೆ ಸರಿದು ನಿಂತಿದ್ದರು. ಸಂಜೆಯ ಹೊತ್ತಿಗೆ ಭಾವನಾ ಕಾಲೇಜಿನಿಂದ ಬಂದಾಗ ಅವಳ ತಾಯಿಯ ಮುಖವನ್ನು ಮುಚ್ಚಿದ್ದರು.

ಚಿತೆಯ ಮಾತನ್ನು ನಾನು ಬರೆಯಲಾರೆ. ಹದಿಮೂರನೆಯ ದಿನ ಕಳೆದ ಮೇಲೆ ಭಾವನಾ ತಂದೆಯನ್ನು ಕೇಳಿದಳು, ಡಾಕ್ಟರು ಮದ್ದು ಹಾಕುತ್ತೇನೆಂದಾಗ ಬೇಡವೆಂದದ್ದು ಯಾಕೆ ಎಂದು. ನಾನು ಅಲ್ಲಿಯೇ ಎಲೆ ಎತ್ತುತ್ತಿದ್ದೆ. ಅವರು ಹೇಳುತ್ತಾರೆಂದು ಕಾದೆ.

“ನಾನು ತಪ್ಪಾಗಿ ಅಳೆದೆ” ಎಂದರು ರಾಯರು. ಅಷ್ಟೇ.

“ಅಮ್ಮಾವ ಕೊನ್ನದು ನೀಂಗದಾನ್” ಎಂದಳು ಮಗಳು. ಅಮ್ಮನನ್ನು ಕೊಂದವರು ನೀವೇ. ರಾಯರು ಹೌದೆಂದು ತಲೆಯಾಡಿಸಿದರು. ಅವಳು ಆ ತಿಂಗಳೇ ಚಿಕ್ಕಮ್ಮನ ಮನೆಗೆ ಹೋದಳು, ಅಲ್ಲಿಂದಲೇ ಓದು ಮುಗಿಸಿದಳು, ನುಂಗಂಬಾಕ್ಕಂನಲ್ಲಿ ಕೆಲಸ ಹಿಡಿದಳು. ತಂದೆ ಇಳಿಯುವ ಸ್ಟೇಷನ್ನಿನಲ್ಲೇ ಇಳಿಯುತ್ತಿದ್ದಳು. ಒಂದೆರಡು ಸಲ ಪ್ಲಾಟ್‌ಫಾರ್ಮಿನಲ್ಲಿ ಕಣ್ಣಿಗೆ ಬಿದ್ದಳಂತೆ. “ಚೆನ್ನಾಗಿದ್ದಾಳೆ” ಎಂದು ರಾಯರು ಬಂದು ಹೇಳುತ್ತಿದ್ದರು. ಮಾತಾಡಿಸಿದಿರಾ ಎಂದು ನಾನು ಕೇಳುತ್ತಿರಲಿಲ್ಲ.

ಒಂದು ದಿನ ತಡೆಯಲಾರದೆ ಕೇಳಿದೆ. “ಮಗಳಿಗೆ ಇದ್ದದ್ದು ಇದ್ದಂಗ ಹೇಳಬಾರದೇನ್ರೀ ರಾಯರ? ಪೂರಾ ತಪ್ಪು ನಿಮ್ಮದಲ್ಲ.”

ಅವರು ಹೇಳಿದರು: “ಹೇಳಿದ್ರೆ, ಅವಳು ಅಮ್ಮನ್ನ ನೆನೆಸ್ಕೊಂಡಾಗೆಲ್ಲ ಆ ಟ್ಯೂಬ್ ನೆನಪಾಗತ್ತೆ. ಈಗ ನಾನು ನೆನಪಾಗ್ತೀನಿ. ಅದು ಪರವಾಗಿಲ್ಲ.”

“ವಿಧಿ ರೀ ಅದು.”

“ವಿಧಿ ಅಲ್ಲ ಬಸವಣ್ಣೆಮ್ಮನವರೇ. ಬೋರ್ ನೀರು. ನಾನು ಅವಳಿಗೆ ಒಂದು ಮಾತು ಹೇಳಿದ್ರೆ ಸಾಕಾಗಿತ್ತು, ಇದನ್ನ ತೊಳೀಬೇಡ ಅಂತ. ನಿಮಗೆ ಅಷ್ಟೊಂದು ಹೇಳಿದೆ.” ಅದನ್ನು ಅವರು ನನ್ನನ್ನು ನೋಯಿಸಲು ಹೇಳಲಿಲ್ಲ. ಆದರೂ ಆ ಮಾತು ನನ್ನಲ್ಲಿ ಉಳಿದುಬಿಟ್ಟಿದೆ. ನನಗೆ ಅಷ್ಟೊಂದು ಹೇಳಿದರು. ನಾನು ಕೇಳುತ್ತಿದ್ದೆ. ಅವಳು ಮೇಲೆ ಪಾತ್ರೆ ತೊಳೆಯುತ್ತಿದ್ದಳು.

ನಿವೃತ್ತರಾಗುವವರೆಗೆ ಕೆಲಸಕ್ಕೆ ಹೋದರು. ಹೋಗಿ ಏನು ಮಾಡುತ್ತಿದ್ದರೋ ತಿಳಿಯದು. ಲಾರಿಯ ನೀರಿಗೆ ಕೊಡ ಹಿಡಿಯುವುದನ್ನು ಬಿಟ್ಟು, ಕುಡಿಯುವುದಕ್ಕೂ ಬೋರ್ ನೀರನ್ನೇ ಹಿಡಿದುಕೊಂಡರು. ನಮ್ಮವರು ಕುದಿಸಿ ಆರಿಸಿ ಕಳಿಸಿದ ಒಳ್ಳೆಯ ನೀರು ತಂಬಿಗೆಯಲ್ಲಿ ಹಾಗೆಯೇ ಹಿಂದಿರುಗುತ್ತಿತ್ತು. ಎರಡು ಸಾವಿರದ ಎಂಟರಲ್ಲಿ, ಮಳೆ ಚೆನ್ನಾಗಿ ಬಂದು ಊರಿನ ಕೆರೆಗಳೆಲ್ಲ ತುಂಬಿದ್ದ ವರ್ಷ, ನಿದ್ದೆಯಲ್ಲೇ ಹೋದರು. ಭಾವನಾ ಬಂದು ಮಾಡಬೇಕಾದ್ದನ್ನು ಮಾಡಿದಳು. ಅಳಲಿಲ್ಲ. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಅಕ್ಷರ ಓದಲು ಬಾರದು. ಆ ಧೈರ್ಯದ ಮೇಲೆ ಇಷ್ಟನ್ನು ಬರೆದಿದ್ದೇನೆ.

ಇಂಥವರು ಲೋಕದಲ್ಲಿ ಹೆಚ್ಚಿಲ್ಲ, ಆದರೆ ಇದ್ದಾರೆ. ದೇವರನ್ನು ನಂಬಿದವರು ದೇವರೊಡನೆ ಜಗಳವಾಡಿ ಹಗುರಾಗುತ್ತಾರೆ. ಹಣೆಬರಹವನ್ನು ನಂಬಿದವರು ಹಣೆ ಚಚ್ಚಿಕೊಂಡು ಅತ್ತು ಮಲಗುತ್ತಾರೆ. ತನ್ನ ಕೈಯೊಂದನ್ನೇ ನಂಬಿ ಬದುಕಿದವನಿಗೆ, ಆ ಕೈ ತಪ್ಪಿದ ಮೇಲೆ, ದೂರಲು ಮೂರು ಲೋಕದಲ್ಲಿ ಯಾರೂ ಸಿಗುವುದಿಲ್ಲ. ನಾವು ಅವರ ಬಳಿ ಹೋಗಿ ಕೂತು, ನಮ್ಮಲ್ಲಿರುವ ಸಮಾಧಾನಗಳನ್ನೆಲ್ಲ ಅವರ ಮುಂದೆ ಇಡುತ್ತೇವೆ. ಅವರು ಒಂದೊಂದನ್ನೂ ಎತ್ತಿ, ಇದು ನಿಜವೇ ಎಂದು ನೋಡಿ, ನಿಜವಲ್ಲದ್ದನ್ನು ಮರ್ಯಾದೆಯಿಂದ ನಮಗೇ ಹಿಂದಿರುಗಿಸುತ್ತಾರೆ. ಕೊನೆಗೆ ಅವರ ಬಳಿ ಏನೂ ಉಳಿಯುವುದಿಲ್ಲ.